ರೇಡಿಯೋ ಪ್ರಾಗ್, ಮಾತಾಡುವ ಆಟಿಕೆ ಮತ್ತು ಯಾರಿಗೂ ಬೇಡವಾದ ಒಂದು ಆಲ್ಬಮ್

ಪಾಪ್ ಸಂಗೀತದ ಚರಿತ್ರೆಯಲ್ಲಿ ಸೋತ ಆಲ್ಬಮ್‌ಗಳಿಗೇನೂ ಬರವಿಲ್ಲ. ಆದರೆ ಗೆದ್ದು ಕೂತವರು, ಮುಂದಿನದೂ ಗೆದ್ದೇ ಗೆಲ್ಲುತ್ತೆ ಅಂತ ಎಲ್ಲರೂ ಕಾಯುತ್ತಿರುವಾಗ, ಗೊತ್ತಿದ್ದೂ ಗೊತ್ತಿದ್ದೂ ಬೇರೆ ದಾರಿ ಹಿಡಿದು ಹತ್ತರಲ್ಲಿ ಒಂಬತ್ತು ಪಾಲು ಕೇಳುಗರನ್ನು ಕಳೆದುಕೊಂಡಿದ್ದು ಕಡಿಮೆ. ಇವತ್ತು ಬರೆಯುತ್ತಿರುವುದು ಅಂಥದ್ದೊಂದರ ಬಗ್ಗೆ. ಸ್ವಲ್ಪ ಉದ್ದವಾಗುತ್ತೆ, ಕಾಫಿ ಮಾಡಿಕೊಂಡು ಬಂದು ಕೂತರೆ ಒಳ್ಳೇದು :)

ಬ್ಯಾಂಡಿನ ಹೆಸರು ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್. ಇಷ್ಟುದ್ದ ಹೆಸರು ಹೇಳೋರು ಯಾರು, ಎಲ್ಲರೂ ಓಎಂಡಿ ಅಂತಾರೆ. ಮುಖ್ಯವಾಗಿ ಇಬ್ಬರು: ಆಂಡಿ ಮೆಕ್‌ಕ್ಲಸ್ಕಿ, ಪಾಲ್ ಹಂಫ್ರೀಸ್. ಇಂಗ್ಲೆಂಡಿನ ಲಿವರ್‌ಪೂಲ್ ಊರಿನಿಂದ ಮರ್ಸಿ ನದಿ ದಾಟಿದರೆ ಸಿಗುವ ವಿರಲ್ ಕಡೆಯ ಹುಡುಗರು, ಬಾಲ್ಯದ ಗೆಳೆಯರು. ಡ್ರಮ್ಸಿಗೆ ಮಾಲ್ಕಂ ಹೋಮ್ಸ್, ಕೀಬೋರ್ಡಿಗೆ ಮಾರ್ಟಿನ್ ಕೂಪರ್ ಆಮೇಲೆ ಸೇರಿಕೊಂಡರು. ಆದರೆ ಬ್ಯಾಂಡಿನ ತಲೆ, ಹೃದಯ ಎರಡೂ ಈ ಜೋಡಿಯೇ. ಆಲ್ಬಮ್ಮಿನ ಹೆಸರು 'ಡ್ಯಾಝಲ್ ಶಿಪ್ಸ್'. ಬಿಡುಗಡೆಯಾಗಿದ್ದು 1983ರ ಮಾರ್ಚ್ 4ರಂದು.

ಮೊದಲು ಇವರು ಎಲ್ಲಿಂದ ಬಂದವರು ಅಂತ ಹೇಳಬೇಕು. ಇಲ್ಲದಿದ್ದರೆ ಈ ಆಲ್ಬಮ್ ಬರೀ ಹುಚ್ಚಾಟದಂತೆ ಕಾಣುತ್ತೆ.

1975ರ ಸೆಪ್ಟೆಂಬರ್ 11ರಂದು ಲಿವರ್‌ಪೂಲಿನ ಎಂಪೈರ್ ಥಿಯೇಟರಿನಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಕಾರ್ಯಕ್ರಮವಿತ್ತು. ನಾಲ್ಕು ಜನ, ಕೋಟು ಟೈ ಹಾಕಿಕೊಂಡು, ಗಿಟಾರ್ ಇಲ್ಲದೆ, ಬರೀ ಎಲೆಕ್ಟ್ರಾನಿಕ್ ಯಂತ್ರಗಳ ಮುಂದೆ ನಿಂತು ಸಂಗೀತ ಕೊಟ್ಟರು. ಹದಿನಾರರ ಮೆಕ್‌ಕ್ಲಸ್ಕಿ ಅಲ್ಲಿದ್ದ. ತನ್ನ ಬದುಕು ಶುರುವಾಗಿದ್ದೇ ಆವತ್ತು ಅನ್ನೋ ಹಾಗೆ ಇವತ್ತಿಗೂ ಹೇಳಿಕೊಳ್ಳುತ್ತಾನೆ, ಕೂತಿದ್ದ ಸೀಟಿನ ನಂಬರ್ ಸಮೇತ. ಅದೇ ವರ್ಷ ಬಂದ ಕ್ರಾಫ್ಟ್‌ವರ್ಕ್ ಆಲ್ಬಮ್ 'ರೇಡಿಯೋ-ಆಕ್ಟಿವಿಟಿ'. ಅದರ ಹೊದಿಕೆ ಮೇಲೆ ಒಂದು ಹಳೇ ರೇಡಿಯೋದ ಚಿತ್ರ. ಹಿಟ್ಲರನ ಕಾಲದಲ್ಲಿ, ಪ್ರತಿ ಮನೆಯಲ್ಲೂ ಸರ್ಕಾರದ ಪ್ರಚಾರ ಕೇಳಲಿ ಅಂತ ಅಗ್ಗವಾಗಿ ತಯಾರಿಸಿದ ಪುಟ್ಟ ರೇಡಿಯೋ ಅದು. ಅದರೊಳಗಿನ ವ್ಯಾಲ್ವಿನ ಹೆಸರು ವಿಸಿಎಲ್ 11. ಮೆಕ್‌ಕ್ಲಸ್ಕಿ ಮತ್ತು ಹಂಫ್ರೀಸ್ ತಮ್ಮ ಶುರುವಿನ ಒಂದು ಬ್ಯಾಂಡಿಗೆ ಇಟ್ಟ ಹೆಸರೂ ಅದೇ, ವಿಸಿಎಲ್ ಇಲೆವೆನ್! ಬ್ಯಾಂಡಿಗೆ ವ್ಯಾಲ್ವಿನ ಹೆಸರಿಡುವವರು ಎಂಥವರು ಅಂತ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಇದ್ದು ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೈಯಲ್ಲಿ ಕಾಸಿಲ್ಲ. ಮೆಕ್‌ಕ್ಲಸ್ಕಿಯ ಅಮ್ಮ ಕಂತಿನ ಮೇಲೆ ಸಾಮಾನು ಕೊಳ್ಳುವ ಕ್ಯಾಟಲಾಗ್ ಇಟ್ಟಿದ್ದಳು. ಅದರಿಂದ ವಾರದ ಕಂತಿನಲ್ಲಿ ಒಂದು ಕೋರ್ಗ್ ಸಿಂಥಸೈಜರ್ ತಗೊಂಡರು. 1978ರ ಅಕ್ಟೋಬರಿನಲ್ಲಿ ಲಿವರ್‌ಪೂಲಿನ ಎರಿಕ್ಸ್ ಕ್ಲಬ್ಬಿನಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ ಇದ್ದವರು ಇಬ್ಬರೇ. ಮೂರನೆಯವನು ಒಂದು ಟೇಪ್ ರೆಕಾರ್ಡರ್. ಅದಕ್ಕೆ ವಿನ್‌ಸ್ಟನ್ ಅಂತ ಹೆಸರು, ಆರ್ವೆಲ್‌ನ '1984' ಕಾದಂಬರಿಯ ನಾಯಕನದ್ದು. ಅದರಲ್ಲಿ ತಾಳ ಮತ್ತಿತರ ಭಾಗ ಮೊದಲೇ ಮುದ್ರಿಸಿಟ್ಟು, ಗುಂಡಿ ಒತ್ತಿ, ಅದರ ಜೊತೆ ಇವರು ಹಾಡುತ್ತಿದ್ದರು.

ಅಲ್ಲಿಂದ ಮೂರೇ ವರ್ಷ. 1980ರಲ್ಲಿ 'ಎನೋಲಾ ಗೇ'. ಹಿರೋಶಿಮಾದ ಮೇಲೆ ಬಾಂಬು ಹಾಕಿದ ವಿಮಾನದ ಬಗ್ಗೆ ಹಾಡು, ಆದರೆ ರಾಗ ಕೇಳಿದರೆ ಕುಣಿಯಬೇಕು ಅನ್ನಿಸುತ್ತೆ. 1981ರ ನವೆಂಬರಿನಲ್ಲಿ ಬಂದ ಮೂರನೇ ಆಲ್ಬಮ್ 'ಆರ್ಕಿಟೆಕ್ಚರ್ ಅಂಡ್ ಮೊರ್ಯಾಲಿಟಿ' 30 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರಲ್ಲಿ ಜೋನ್ ಆಫ್ ಆರ್ಕ್ ಮೇಲೇ ಎರಡು ಹಾಡು, ಮೆಲೊಟ್ರಾನ್ ಅನ್ನೋ ಟೇಪು ತುಂಬಿದ ಹಳೇ ವಾದ್ಯದಿಂದ ಹೊಮ್ಮುವ ಚರ್ಚಿನಂಥ ಸ್ವರಗಳು. ಯಾವ ಲೆಕ್ಕದಲ್ಲಿ ನೋಡಿದರೂ ಜನಪ್ರಿಯವಾಗುವ ಸರಕಲ್ಲ. ಆದರೂ ಆಯಿತು.

ಸರಿ, ಮುಂದೇನು? ರೆಕಾರ್ಡ್ ಕಂಪನಿಯಲ್ಲಿ ಯಾರೋ 'ಇಂಥದ್ದೇ ಇನ್ನೊಂದು ಮಾಡಿಕೊಡಿ, ನೀವೇ ಮುಂದಿನ ಜೆನೆಸಿಸ್' ಅನ್ನೋ ಅರ್ಥದಲ್ಲಿ ಹೇಳಿದ್ದನ್ನು ಮೆಕ್‌ಕ್ಲಸ್ಕಿ ಸಂದರ್ಶನಗಳಲ್ಲಿ ನೆನೆಸಿಕೊಳ್ಳುತ್ತಾನೆ. ಅವರ ಪ್ರಕಾರ ಅದು ಹೊಗಳಿಕೆ. ಕ್ರಾಫ್ಟ್‌ವರ್ಕ್ ನೋಡಿ ಬೆಳೆದ ಇವನಿಗೆ ಅದು ಬೈಗುಳದ ಹಾಗೆ ಕೇಳಿಸಿತು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಈ ಮಾತು ದಿನಾ ಕಿವಿಗೆ ಬೀಳುತ್ತೆ. ಓಡುತ್ತಿರೋದನ್ನು ಮುಟ್ಟಬೇಡ, ಬಣ್ಣ ಬದಲಾಯಿಸಿ ಹೊಸ ವರ್ಶನ್ ಅಂತ ಕಳಿಸು! ಹೇಳುವವರು ಕೆಟ್ಟವರಲ್ಲ, ಅವರಿಗೂ ಮೇಲಿನವರ ಒತ್ತಡ ಇರುತ್ತೆ.

ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. 'ಕಲಾವಿದರು ಧೈರ್ಯವಾಗಿ ಪ್ರಯೋಗಕ್ಕೆ ಇಳಿದರು' ಅಂತ ಸಾಮಾನ್ಯವಾಗಿ ಈ ಕತೆ ಹೇಳ್ತಾರೆ. ಅದು ಅರ್ಧ ಸತ್ಯ. ಇನ್ನರ್ಧ ಏನಂದರೆ, ಅವರ ಹತ್ತಿರ ಹಾಡುಗಳೇ ಇರಲಿಲ್ಲ. ವರ್ಷಾನುಗಟ್ಟಲೆ ಪ್ರವಾಸ, ಟೀವಿ, ಸಂದರ್ಶನ. ಬರೆಯೋಕೆ ಕೂತರೆ ಏನೂ ಹುಟ್ಟುತ್ತಿಲ್ಲ. ಆಲ್ಬಮ್ಮಿನಲ್ಲಿರುವ ಹನ್ನೆರಡರಲ್ಲಿ 'ದ ರೊಮ್ಯಾನ್ಸ್ ಆಫ್ ದ ಟೆಲಿಸ್ಕೋಪ್' ಮತ್ತು 'ಆಫ್ ಆಲ್ ದ ಥಿಂಗ್ಸ್ ವೀವ್ ಮೇಡ್' ಎರಡೂ ಹಿಂದಿನ ಸಿಂಗಲ್‌ಗಳ ಹಿಂಬದಿಯಲ್ಲಿ ಆಗಲೇ ಬಂದು ಹೋಗಿದ್ದವು. 'ರೇಡಿಯೋ ವೇವ್ಸ್' ಅವರ ಇನ್ನೂ ಹಳೆಯ ಬ್ಯಾಂಡ್ 'ದ ಇಡ್' ಕಾಲದ್ದು. ಪೂರ್ತಿ ಆಲ್ಬಮ್ ಹಾಕಿದರೆ 35 ನಿಮಿಷ ಕೂಡ ಆಗೋದಿಲ್ಲ. ಅಂದರೆ ಖಾಲಿ ಜಾಗ ಬಹಳ ಇತ್ತು.

ಆ ಖಾಲಿ ಜಾಗವನ್ನು ಏನಿಂದ ತುಂಬಿದರು ಅನ್ನೋದೇ ಇದರ ಸ್ವಾರಸ್ಯ. ಶಾರ್ಟ್‌ವೇವ್ ರೇಡಿಯೋದಿಂದ!

ಆಲ್ಬಮ್ಮಿನ ಮೊದಲ ಟ್ರ್ಯಾಕ್ ಹಾಡೇ ಅಲ್ಲ. 'ರೇಡಿಯೋ ಪ್ರಾಗ್', ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದ ವಿದೇಶಿ ಪ್ರಸಾರ ಕೇಂದ್ರದ ಗುರುತಿನ ನಾದ. ಒಂದು ನಡಿಗೆ ಹಾಡಿನ ತುಣುಕು, ತುತ್ತೂರಿಯ ಗತ್ತು. ಮುಗಿಯಿತು ಅನ್ನುವಷ್ಟರಲ್ಲಿ ಮುಂದಿನದು ಶುರು.

ಈ ಗುರುತಿನ ನಾದ ಅನ್ನೋದರ ಬಗ್ಗೆ ನಮ್ಮ ವಯಸ್ಸಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಶಾರ್ಟ್‌ವೇವ್ ತರಂಗಗಳು ಭೂಮಿಯಿಂದ ಮೇಲೆ ಅಯಾನುಗೋಳಕ್ಕೆ ಬಡಿದು ಮತ್ತೆ ಕೆಳಗೆ ಬಂದು, ಹೀಗೆ ಪುಟಿಯುತ್ತಾ ಸಾವಿರಾರು ಕಿಲೋಮೀಟರ್ ದೂರ ಹೋಗುತ್ತವೆ. ಆದರೆ ಹೊತ್ತು ಬದಲಾದ ಹಾಗೆ, ಋತು ಬದಲಾದ ಹಾಗೆ ಆ ಪದರವೂ ಬದಲಾಗುತ್ತೆ. ಬೆಳಿಗ್ಗೆ ಸಿಕ್ಕ ಸ್ಟೇಷನ್ ರಾತ್ರಿ ಸಿಗೋದಿಲ್ಲ. ಹಳೇ ರೇಡಿಯೋದ ಮುಳ್ಳು ಕೂದಲೆಳೆ ಅಲ್ಲಾಡಿದರೆ ಮಾಸ್ಕೋ ಹೋಗಿ ಪೀಕಿಂಗ್ ಬರುತ್ತೆ. ಅದಕ್ಕೇ ಪ್ರತಿ ಕೇಂದ್ರವೂ ಕಾರ್ಯಕ್ರಮಕ್ಕೆ ಮುಂಚೆ ಕೆಲವು ನಿಮಿಷ ಒಂದೇ ನಾದವನ್ನು ಮತ್ತೆ ಮತ್ತೆ ಹಾಕುತ್ತಿತ್ತು. ಕೇಳುವವನು ಅದನ್ನು ಹಿಡಿದು ಮುಳ್ಳನ್ನು ಸರಿಯಾಗಿ ಕೂರಿಸಿಕೊಳ್ಳಲಿ ಅಂತ. ಇವತ್ತಿನ ಭಾಷೆಯಲ್ಲಿ ಹ್ಯಾಂಡ್‌ಶೇಕ್ ಅನ್ನಬಹುದೇನೋ, ಒಂದೇ ಕಡೆಯದು.

ನಮ್ಮ ಆಕಾಶವಾಣಿಯ ಬೆಳಗಿನ ನಾದವೂ ಇದೇ ಜಾತಿಯದು. ಅದನ್ನು ಸಂಯೋಜಿಸಿದವನು ಅಂತ ಸಾಮಾನ್ಯವಾಗಿ ಹೆಸರಿಸುವ ವಾಲ್ಟರ್ ಕೌಫ್‌ಮನ್ ಹುಟ್ಟಿದ್ದು ಬೊಹೀಮಿಯಾದ ಕಾರ್ಲ್ಸ್‌ಬಾಡಿನಲ್ಲಿ, ಅಂದರೆ ಆಮೇಲೆ ಚೆಕೊಸ್ಲೊವಾಕಿಯಾ ಆದ ಜಾಗದಲ್ಲಿ. ಓದಿದ ಊರುಗಳಲ್ಲಿ ಪ್ರಾಗ್ ಕೂಡ ಒಂದು. ಯಹೂದಿ. 1934ರಲ್ಲಿ ಯೂರೋಪ್ ಬಿಟ್ಟು ಮುಂಬಯಿಗೆ ಬಂದು, ಅಲ್ಲಿನ ರೇಡಿಯೋ ಕೇಂದ್ರದಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಕೆಲಸ ಮಾಡಿದ. ಪ್ರಾಗಿನ ನಾದ ಇಂಗ್ಲೆಂಡಿನ ಪಾಪ್ ಆಲ್ಬಮ್ಮಿಗೆ ಬಂತು, ಪ್ರಾಗಿನಲ್ಲಿ ಓದಿದವನ ನಾದ ನಮ್ಮ ಅಡುಗೆಮನೆಗೆ ಬಂತು. ಸಂಬಂಧ ಏನಿಲ್ಲ, ಆದರೂ ಗೊತ್ತಾದಾಗ ಖುಷಿಯಾಯ್ತು.

ಅಪ್ಪನಿಗೆ ಕಾಲೇಜು ದಿನಗಳಲ್ಲಿ ಶಾರ್ಟ್‌ವೇವ್ ಹುಚ್ಚು. ಶಿವಮೊಗ್ಗದಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ, ಮಹಡಿ ಮೇಲೆ ತಂತಿ ಕಟ್ಟಿ ದೇಶದೇಶದ ಕೇಂದ್ರಗಳನ್ನು ಹುಡುಕೋದು, ಯಾವ ಹೊತ್ತಿಗೆ, ಯಾವ ಮೀಟರಿನಲ್ಲಿ, ಎಷ್ಟು ಚೆನ್ನಾಗಿ ಕೇಳಿಸಿತು ಅಂತ ಬರೆದು ಕಳಿಸೋದು. ಅವರು ಬಣ್ಣದ ಕಾರ್ಡು ಕಳಿಸುತ್ತಿದ್ದರು. ಒಂದು ಬಿಸ್ಕತ್ತಿನ ಡಬ್ಬಿ ತುಂಬ ಇವೆ, ಪ್ರಾಗಿನದೂ ಇದೆ. ಹೋದ ವರ್ಷ ಊರಿಗೆ ಹೋದಾಗ ಹೆಡ್‌ಫೋನ್ ಅಪ್ಪನ ಕಿವಿಗೆ ಹಾಕಿ ಈ ಮೊದಲ ಟ್ರ್ಯಾಕ್ ಕೇಳಿಸಿದೆ. ಹೆಸರು ಹೇಳಿರಲಿಲ್ಲ. ಮೂರು ಸೆಕೆಂಡ್ ಆಗಿರಬೇಕು, 'ಪ್ರಾಗು' ಅಂದರು. ಆಮೇಲೆ ಉಳಿದಿದ್ದನ್ನೂ ಕೇಳಿ, 'ಹಾಡು ಎಲ್ಲೋ?' ಅಂದರು. 1983ರಲ್ಲಿ ಇಂಗ್ಲೆಂಡಿನ ಲಕ್ಷಾಂತರ ಜನ ಕೇಳಿದ್ದೂ ಇದನ್ನೇ!

ಒಂದೊಂದಾಗಿ ನೋಡಿ. 'ಟೈಮ್ ಝೋನ್ಸ್' ಅನ್ನೋದರಲ್ಲಿ ಬೇರೆ ಬೇರೆ ದೇಶಗಳ ಟೆಲಿಫೋನ್ ಗಡಿಯಾರಗಳು, ಅಂದರೆ ಫೋನ್ ಮಾಡಿದರೆ ಗಂಟೆ ಎಷ್ಟಾಯಿತು ಅಂತ ಹೇಳುವ ದನಿಗಳು, ಒಂದರ ಮೇಲೊಂದು. ಸಂಗೀತ ಇಲ್ಲ. ಒಬ್ಬಳು ಒಂದು ಭಾಷೆಯಲ್ಲಿ ಸಮಯ ಹೇಳುತ್ತಿದ್ದರೆ ಇನ್ನೊಬ್ಬ ಇನ್ನೊಂದು ಭಾಷೆಯಲ್ಲಿ. ಯಾರೂ ಯಾರಿಗೂ ಹೇಳುತ್ತಿಲ್ಲ, ಎಲ್ಲರೂ ಸರಿಯಾಗೇ ಹೇಳುತ್ತಿದ್ದಾರೆ. 'ದಿಸ್ ಈಸ್ ಹೆಲೆನಾ'ದಲ್ಲಿ ಒಬ್ಬ ರೇಡಿಯೋ ನಿರೂಪಕಿಯ ದನಿಯನ್ನೇ ತಾಳಕ್ಕೆ ಜೋಡಿಸಿದ್ದಾರೆ. 'ಡ್ಯಾಝಲ್ ಶಿಪ್ಸ್' ಅಂತಲೇ ಇರುವ ತುಣುಕಿನಲ್ಲಿ ಹಡಗಿನ ಕಹಳೆ, ನೀರಿನಾಳದ ಸೋನಾರಿನ ಟಿಂಗ್ ಟಿಂಗ್. ಕತ್ತಲಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ನಿಜಕ್ಕೂ ಭಯವಾಗುತ್ತೆ.

'ಇಂಟರ್‌ನ್ಯಾಷನಲ್' ಇವೆಲ್ಲಕ್ಕಿಂತ ಕಷ್ಟದ್ದು. ಶುರುವಾಗೋದು ಒಂದು ಸುದ್ದಿ ವರದಿಯಿಂದ. ನಿಕರಾಗುವಾ ದೇಶದ ಒಬ್ಬ ಹುಡುಗಿ, ಹಳೇ ಸರ್ವಾಧಿಕಾರಿ ಸೊಮೋಜಾನ ಕಡೆಯ ಸೈನಿಕರು ಅವಳ ಕೈಗಳನ್ನು ಕತ್ತರಿಸಿದ್ದಾರೆ. ಸುದ್ದಿ ಓದುವವನ ದನಿಯಲ್ಲಿ ಏರಿಳಿತವಿಲ್ಲ. ಅದಾದ ಮೇಲೆ ಮೆಕ್‌ಕ್ಲಸ್ಕಿ ಹಾಡುತ್ತಾನೆ, ವಾಲ್ಟ್ಸ್ ತಾಳದಲ್ಲಿ, ಗಂಟಲು ಬಿರಿಯುವ ಹಾಗೆ. ನಾನು ಈ ಟ್ರ್ಯಾಕನ್ನು ಆಫೀಸಿನಲ್ಲಿ ಕೋಡ್ ಬರೆಯುತ್ತಾ ಕೇಳೋದಕ್ಕೆ ಆಗುವುದಿಲ್ಲ.

ಈಗ ನನ್ನ ಪ್ರೀತಿಯ ಭಾಗಕ್ಕೆ ಬರೋಣ, ಯಂತ್ರಗಳು.

ಮೊದಲನೆಯದು ಇಮ್ಯುಲೇಟರ್. ಅಮೆರಿಕದ ಈ-ಮ್ಯು ಕಂಪನಿ 1981ರಲ್ಲಿ ತಂದ ಸ್ಯಾಂಪ್ಲರ್. ಯಾವುದೇ ಶಬ್ದವನ್ನು ಅಂಕಿಗಳಾಗಿ ಹಿಡಿದು ಕೀಬೋರ್ಡಿನ ಮನೆಗಳ ಮೇಲೆ ನುಡಿಸಬಹುದು. ಈಗ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತೆ. ಆಗ ಅದರ ಮೆಮೊರಿ 128 ಕಿಲೋಬೈಟ್. ಎಂಟು ಬಿಟ್ಟಿನ ಶಬ್ದ, ಒಂದು ಸ್ಯಾಂಪಲ್ಲಿಗೆ ಸುಮಾರು ಎರಡೇ ಸೆಕೆಂಡ್! ಉಳಿಸಿಡೋದಕ್ಕೆ ಐದೂಕಾಲು ಇಂಚಿನ ಫ್ಲಾಪಿ. ಎರಡು ಸೆಕೆಂಡಿನಲ್ಲಿ ಏನು ಹಿಡಿಯಬಹುದು? ಒಂದು ಪದ, ಒಂದು ಬಡಿತ, ಒಂದು ಗಂಟೆ. ಇಂಥ ಪೆಟ್ಟಿಗೆ ಕೈಗೆ ಬಂದಾಗ ಹಾಡು ಬರೆಯುವವನ ತಲೆಯೂ ರಾಗದಲ್ಲಿ ಅಲ್ಲ, ತುಂಡುಗಳಲ್ಲಿ ಓಡೋಕೆ ಶುರುವಾಗುತ್ತೆ ಅಂತ ನನ್ನ ಊಹೆ. ಡ್ಯಾಝಲ್ ಶಿಪ್ಸ್ ಕೇಳಿಸೋದೂ ಹಾಗೇ. ಮೆಲೊಟ್ರಾನ್ ಇನ್ನೂ ಇದೆ, ಆದರೆ ಅದರ ಪಕ್ಕದಲ್ಲಿ ಚೂರು ಚೂರು ಲೋಕ.

ಎರಡನೆಯದು ಮಕ್ಕಳ ಆಟಿಕೆ. ಸ್ಪೀಕ್ ಅಂಡ್ ಸ್ಪೆಲ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1978ರಲ್ಲಿ ತಂದ, ಸ್ಪೆಲಿಂಗ್ ಕಲಿಸುವ ಕಿತ್ತಳೆ ಬಣ್ಣದ ಡಬ್ಬ. 'ಜೆನೆಟಿಕ್ ಇಂಜಿನಿಯರಿಂಗ್' ಹಾಡಿನಲ್ಲಿ ಮಧ್ಯೆ ಮಧ್ಯೆ ಲೋಹದ ದನಿಯಲ್ಲಿ ಒಂದೊಂದೇ ಪದ ಉದುರಿಸುವುದು ಇದೇ. ಆ ದನಿ ಯಾಕೆ ಹಾಗಿದೆ ಅಂತ ಹುಡುಕುತ್ತಾ ಹೋಗಿ ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ. ಅದರೊಳಗೆ ಧ್ವನಿಮುದ್ರಣ ಇಲ್ಲ. ಮೆಮೊರಿ ಆಗ ಬಲು ದುಬಾರಿ, ಮಾತನ್ನು ಹಾಗೇ ಇಟ್ಟುಕೊಂಡರೆ ಡಬ್ಬದ ಬೆಲೆ ಕಾರಿನಷ್ಟಾಗುತ್ತೆ. ಅದಕ್ಕೆ ಅವರು ಮಾಡಿದ್ದು ಇಷ್ಟು: ನಮ್ಮ ಗಂಟಲು, ಬಾಯಿಯನ್ನು ಒಂದು ಫಿಲ್ಟರ್ ಅಂತ ಲೆಕ್ಕ ಹಾಕೋದು, ಕ್ಷಣಕ್ಷಣಕ್ಕೂ ಆ ಫಿಲ್ಟರಿನ ಹತ್ತು ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳೋದು, ಬೇಕಾದಾಗ ಒಂದು ಗುಂಯ್ ಅನ್ನೋ ಶಬ್ದವನ್ನು ಅದರೊಳಗೆ ಹಾಯಿಸೋದು. ಮಾತು ಹೊರಗೆ ಬರುತ್ತೆ! ಟೆಲಿಫೋನಿನ ಡಿಜಿಟಲ್ ಮಾತಿಗೆ ಸೆಕೆಂಡಿಗೆ 64,000 ಬಿಟ್ ಬೇಕು, ಇದಕ್ಕೆ ಹೆಚ್ಚುಕಡಿಮೆ ಸಾವಿರ ಚಿಲ್ಲರೆ ಸಾಕು. ಮಾತಿನ ಅಸ್ಥಿಪಂಜರ ಮಾತ್ರ ಉಳಿದಿರೋದರಿಂದಲೇ ಅದು ಸತ್ತವರು ಮಾತಾಡಿದಂತೆ ಕೇಳಿಸೋದು.

ಈ ವಿಧಾನದ ಹೆಸರು ಲೀನಿಯರ್ ಪ್ರಿಡಿಕ್ಟಿವ್ ಕೋಡಿಂಗ್. ಅದನ್ನು ಕಟ್ಟಿದ ಮುಖ್ಯರಲ್ಲಿ ಬೆಲ್ ಲ್ಯಾಬ್ಸಿನ ಬಿಷ್ಣು ಅಟಲ್ ಒಬ್ಬರು. ಅವರು 1955ರಲ್ಲಿ ಡಿಪ್ಲೊಮಾ ಪಡೆದಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಆಮೇಲೆ ಕೆಲವು ವರ್ಷ ಪಾಠ ಮಾಡಿದ್ದೂ ಅಲ್ಲೇ! ಯಶವಂತಪುರದ ಕಡೆ ಹೋಗುವಾಗ ಆ ಗೇಟು ನೋಡಿದರೆ ಈಗ ನನಗೆ ಈ ಹಾಡು ನೆನಪಾಗುತ್ತೆ. ನಿಮಗೂ ಇನ್ನು ಮೇಲೆ ನೆನಪಾಗಲಿ :)

ಅಂದಹಾಗೆ ಈ ಹಾಡಿನ ಸಿಂಗಲ್ ಬಂದಿದ್ದು 1983ರ ಫೆಬ್ರವರಿಯಲ್ಲಿ. ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ, ಬ್ಯಾಕ್ಟೀರಿಯಾದೊಳಗೆ ಮನುಷ್ಯನ ಜೀನ್ ಸೇರಿಸಿ ತಯಾರಿಸಿದ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಅಂದರೆ ವಿಷಯ ಬಿಸಿಬಿಸಿ ಇದ್ದಾಗಲೇ ಹಾಡಾಗಿತ್ತು.

ಧ್ವನಿಮುದ್ರಣದ ಉಸ್ತುವಾರಿಗೆ ಬ್ಯಾಂಡಿನ ಜೊತೆ ಇದ್ದವನು ರೆಟ್ ಡೇವಿಸ್, ರಾಕ್ಸಿ ಮ್ಯೂಸಿಕ್, ಬ್ರಯಾನ್ ಈನೋ ಜೊತೆ ಪಳಗಿದವನು. ಅದನ್ನು ಜಾಸ್ತಿ ಎಳೆಯೋದಿಲ್ಲ. ಹೆಸರಿನ ಕತೆ ಮಾತ್ರ ಹೇಳಲೇಬೇಕು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟಿಷ್ ಹಡಗುಗಳನ್ನು ಒಂದಾದ ಮೇಲೊಂದು ಮುಳುಗಿಸುತ್ತಿದ್ದವು. ಸಮುದ್ರದ ಮಧ್ಯೆ ಹಡಗನ್ನು ಬಚ್ಚಿಡುವುದು ಹೇಗೆ? ಆಕಾಶದ ಬಣ್ಣ, ನೀರಿನ ಬಣ್ಣ ಗಂಟೆಗೊಂದು ಥರ. 1917ರಲ್ಲಿ ನಾರ್ಮನ್ ವಿಲ್ಕಿನ್ಸನ್ ಅನ್ನೋ ಚಿತ್ರಕಾರ, ಆಗ ನೌಕಾದಳದಲ್ಲಿದ್ದವನು, ತಲೆಕೆಳಗಾದ ಉಪಾಯ ಹೇಳಿದ. ಬಚ್ಚಿಡೋದೇ ಬೇಡ. ಹಡಗಿನ ಮೇಲೆ ಕಣ್ಣಿಗೆ ಹೊಡೆಯುವ ಹಾಗೆ ಕಪ್ಪು ಬಿಳಿ ನೀಲಿ ಪಟ್ಟೆಗಳನ್ನು, ಅಡ್ಡಾದಿಡ್ಡಿ ಮುರಿದ ಆಕಾರಗಳನ್ನು ಬಳಿಯೋಣ. ಹಡಗು ಕಾಣಲಿ, ಆದರೆ ಯಾವ ಕಡೆ ಹೋಗುತ್ತಿದೆ, ಎಷ್ಟು ವೇಗ, ಎಷ್ಟು ದೂರ ಅನ್ನೋದು ಪೆರಿಸ್ಕೋಪಿನಲ್ಲಿ ನೋಡುವವನಿಗೆ ತಿಳಿಯಬಾರದು. ಟಾರ್ಪೆಡೋ ಬಿಡೋನು ಹಡಗು ಈಗ ಎಲ್ಲಿದೆ ಅನ್ನೋದಕ್ಕಲ್ಲ, ಕೆಲವು ನಿಮಿಷಗಳ ನಂತರ ಎಲ್ಲಿರುತ್ತೆ ಅನ್ನೋದಕ್ಕೆ ಗುರಿ ಇಡಬೇಕಲ್ಲ! ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪುಟ್ಟ ಪುಟ್ಟ ಹಡಗಿನ ಮಾದರಿಗಳಿಗೆ ಬಣ್ಣ ಬಳಿದು, ತಿರುಗಿಸಿ, ಪೆರಿಸ್ಕೋಪಿನಿಂದ ನೋಡಿ ಪರೀಕ್ಷೆ ಮಾಡುತ್ತಿದ್ದರು. ಯುದ್ಧ ಮುಗಿಯುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಡಗುಗಳಿಗೆ ಹೀಗೆ ಬಣ್ಣ ಬಳಿದಿದ್ದರು. ಲಿವರ್‌ಪೂಲಿನ ಬಂದರಿನಲ್ಲಿ ಈ ಕೆಲಸದ ಮೇಲ್ವಿಚಾರಣೆ ಮಾಡಿದವರಲ್ಲಿ ಎಡ್ವರ್ಡ್ ವಾಡ್ಸ್‌ವರ್ತ್ ಅನ್ನೋ ಕಲಾವಿದ ಇದ್ದ. 1919ರಲ್ಲಿ ಅವನೇ ಆ ದೃಶ್ಯವನ್ನು ದೊಡ್ಡ ಕ್ಯಾನ್‌ವಾಸಿನ ಮೇಲೆ ಬರೆದ. ಈಗ ಅದು ಕೆನಡಾದ ಒಟ್ಟಾವಾದಲ್ಲಿದೆ.

ಓಎಂಡಿಯ ಹೊದಿಕೆಗಳನ್ನು ವಿನ್ಯಾಸ ಮಾಡುತ್ತಿದ್ದ ಪೀಟರ್ ಸವಿಲ್ ಆ ಚಿತ್ರ ನೋಡಿದ್ದ. ಆಲ್ಬಮ್ಮಿಗೆ ಈ ಹೆಸರಿಡಿ ಅಂತ ಹೇಳಿದವನೇ ಅವನು. ಲಿವರ್‌ಪೂಲ್ ಕಡೆಯ ಹುಡುಗರು, ಲಿವರ್‌ಪೂಲಿನ ಹಡಗುಗಳು. ಹೊದಿಕೆ ಕೂಡ ಅದೇ ಪಟ್ಟೆಗಳ ಶೈಲಿಯಲ್ಲಿ, ರಟ್ಟಿನಲ್ಲಿ ಅಲ್ಲಲ್ಲಿ ಕತ್ತರಿಸಿದ ಕಿಂಡಿಗಳು. ಇಷ್ಟು ಚೆಂದದ ಹೊದಿಕೆಯನ್ನು ನಾನು ಬೇರೆ ಕಂಡಿಲ್ಲ, ಕೇಳೋದು ಬೇಡ ಅನ್ನುವವರು ಗೋಡೆಗಾದರೂ ಹಾಕಿಕೊಳ್ಳಬಹುದು.

ಇನ್ನೊಂದು ತಮಾಷೆ. ಹಿಂದೆ ಇವರ ಕಂಪನಿ ವರ್ಜಿನ್ನಿನ ಅಂಗವಾದ ಡಿನ್‌ಡಿಸ್ಕ್. ಅದು ಮುಚ್ಚಿಹೋಗಿ ಇವರು ಸೀದಾ ವರ್ಜಿನ್ ಕೈಗೆ ಬಂದಿದ್ದರು. ದೊಡ್ಡ ಕಂಪನಿಗೆ ಸೇರಿದೆವು ಅನ್ನಿಸಿಕೊಳ್ಳೋದು ಬೇಡ ಅಂತ 'ಟೆಲಿಗ್ರಾಫ್' ಅನ್ನೋ ಇಲ್ಲದ ಒಂದು ಸ್ವತಂತ್ರ ಲೇಬಲ್ಲಿನ ಹೆಸರು ಹಾಕಿ ಆಲ್ಬಮ್ ತಂದರು. ಡ್ಯಾಝಲ್ ಬಣ್ಣ ಅಲ್ಲೂ ಬಳಿದಿದ್ದಾರೆ ಅನ್ನಿ.

ಮಾರ್ಚ್ 4ಕ್ಕೆ ಬಿಡುಗಡೆ. ಹಿಂದಿನ ಹೆಸರಿನ ಬಲದಿಂದ ಬ್ರಿಟಿಷ್ ಪಟ್ಟಿಯಲ್ಲಿ ಐದನೇ ಸ್ಥಾನಕ್ಕೆ ಹೋಯಿತು. ಆಮೇಲೆ ಜನ ಮನೆಗೆ ತಂದು ಹಾಕಿ ಕೇಳಿದರು, ಅಷ್ಟೇ! 'ಜೆನೆಟಿಕ್ ಇಂಜಿನಿಯರಿಂಗ್' 20ಕ್ಕೆ ನಿಂತಿತು, ಎರಡನೇ ಸಿಂಗಲ್ 'ಟೆಲಿಗ್ರಾಫ್' 42ಕ್ಕೆ. ಒಟ್ಟು ಮಾರಾಟ ಸುಮಾರು 3 ಲಕ್ಷ. ಹಿಂದಿನದರ ಹತ್ತನೇ ಒಂದು ಪಾಲು. ಆಗಿನ ವಿಮರ್ಶಕರಲ್ಲೂ ಬಹಳ ಮಂದಿ ಹರಿದು ಹಾಕಿದರು.

ಮೆಕ್‌ಕ್ಲಸ್ಕಿ ಆಮೇಲೆ ಕೊಟ್ಟ ವಿವರಣೆ ಹೀಗೆ: ಹಿಂದೆಲ್ಲ ಕಹಿ ವಿಷಯಕ್ಕೆ ಸಕ್ಕರೆ ಸವರಿ ಕೊಡುತ್ತಿದ್ದೆವು, ಈ ಸಲ ಸವರೋದನ್ನು ಮರೆತೆವು. 'ಎನೋಲಾ ಗೇ' ನೋಡಿ, ಬಾಂಬಿನ ಬಗ್ಗೆ ಅಂತ ಗೊತ್ತಿಲ್ಲದೆಯೂ ಕುಣಿಯಬಹುದು. 'ಇಂಟರ್‌ನ್ಯಾಷನಲ್' ಹಾಗಲ್ಲ, ಕುಣಿಯೋಕೆ ಮುಂಚೆ ಆ ಹುಡುಗಿಯ ಕೈ ಕಣ್ಣ ಮುಂದೆ ಬರುತ್ತೆ.

ನನಗೆ ಈ ವಿವರಣೆ ಪೂರ್ತಿ ಒಪ್ಪಿಗೆಯಿಲ್ಲ. ಅದೇ ವಾರ, ಮಾರ್ಚ್ 7ಕ್ಕೆ, ನ್ಯೂ ಆರ್ಡರ್ ಬ್ಯಾಂಡಿನ 'ಬ್ಲೂ ಮಂಡೇ' ಬಂತು. ವಿನ್ಯಾಸಕಾರ ಅದೇ ಪೀಟರ್ ಸವಿಲ್, ಹೊದಿಕೆ ಫ್ಲಾಪಿ ಡಿಸ್ಕಿನ ಆಕಾರದ್ದು. ಅಲ್ಲೂ ಯಂತ್ರಗಳೇ, ಏಳೂವರೆ ನಿಮಿಷ ಉದ್ದ, ದನಿಯಲ್ಲಿ ಜೀವವಿಲ್ಲದಂತೆ ಹಾಡುವ ಗಾಯಕ. ಸಕ್ಕರೆ ಎಲ್ಲಿದೆ? ಆದರೂ ಹನ್ನೆರಡು ಇಂಚಿನ ಸಿಂಗಲ್‌ಗಳಲ್ಲೇ ಅತಿ ಹೆಚ್ಚು ಮಾರಾಟವಾದದ್ದು ಅದು. ವ್ಯತ್ಯಾಸ ಏನು? ಬ್ಲೂ ಮಂಡೇ ಕೇಳುಗನನ್ನು ಡ್ಯಾನ್ಸ್ ಫ್ಲೋರಿನಲ್ಲಿ ನಿಲ್ಲಿಸುತ್ತೆ, ಸುತ್ತ ಜನ. ಡ್ಯಾಝಲ್ ಶಿಪ್ಸ್ ಕೇಳುಗನನ್ನು ರಾತ್ರಿ ಒಬ್ಬನೇ ರೇಡಿಯೋ ಮುಂದೆ ಕೂರಿಸುತ್ತೆ. ಅತ್ತಿಂದ ಪ್ರಾಗ್, ಇತ್ತಿಂದ ಯಾವುದೋ ಗಡಿಯಾರ, ಇನ್ನೆಲ್ಲಿಂದಲೋ ಒಂದು ಕ್ರೂರ ಸುದ್ದಿ. ಯೂರೋಪಿನಲ್ಲಿ ಹೊಸ ಅಣುಕ್ಷಿಪಣಿಗಳು ಬಂದು ಕೂರಲಿದ್ದ ವರ್ಷ ಅದು. ಆ ಒಂಟಿತನಕ್ಕೆ ದುಡ್ಡು ಕೊಡಲು ಜನ ತಯಾರಿರಲಿಲ್ಲ. ಸಕ್ಕರೆಯ ಪ್ರಶ್ನೆಗಿಂತ ಜೊತೆಯ ಪ್ರಶ್ನೆ ಅದು ಅಂತ ನನಗನ್ನಿಸುತ್ತೆ.

ಹಾಗಂತ ಇದು ದೋಷವಿಲ್ಲದ ಕೃತಿ ಅಂತ ಸಾಧಿಸಲು ಹೊರಟಿಲ್ಲ. 'ಎಬಿಸಿ ಆಟೋ-ಇಂಡಸ್ಟ್ರಿ' ಎರಡನೇ ಸಲ ಕೇಳಿದರೆ ಸಾಕೆನ್ನಿಸುತ್ತೆ. 'ರೇಡಿಯೋ ವೇವ್ಸ್' ಹುಡುಗಾಟದ ಕಾಲದ ಹಾಡು ಅಂತ ತಕ್ಷಣ ತಿಳಿಯುತ್ತೆ. ಆದರೆ ಹಳೇ ಸಿಂಗಲ್ ಹಿಂದೆ ಅನಾಥವಾಗಿದ್ದ 'ರೊಮ್ಯಾನ್ಸ್ ಆಫ್ ದ ಟೆಲಿಸ್ಕೋಪ್' ಇಲ್ಲಿ, ಆ ಸೋನಾರ್ ಶಬ್ದದ ಬೆನ್ನಿಗೇ ಬರುವಾಗ, ಬೇರೆಯೇ ಹಾಡಾಗಿಬಿಡುತ್ತೆ. ಮುಂಚೆ ಅದು ಚೆಂದದ ರಾಗ ಅಷ್ಟೇ. ಇಲ್ಲಿ ಹೊರಗಡೆ ಏನೋ ಮುಳುಗುತ್ತಿರುವಾಗ ಒಳಗೆ ಯಾರೋ ಹಾಡಿಕೊಳ್ಳುತ್ತಿರುವಂತೆ ಕೇಳಿಸುತ್ತೆ. ಹಳೇ ಕೋಡನ್ನು ಹೊಸ ಜಾಗಕ್ಕೆ ತಂದಿಟ್ಟಾಗ ಕೆಲವೊಮ್ಮೆ ಹೀಗಾಗುತ್ತೆ, ಬರೆದವನಿಗೂ ಗೊತ್ತಿಲ್ಲದ ಕೆಲಸ ಮಾಡುತ್ತೆ ಅದು. ಬರಹ ಬರದೆ ಒದ್ದಾಡಿದ್ದವರು ರೇಡಿಯೋ ಚೂರುಗಳನ್ನು ತಂದು ಹಾಕಿದ್ದರಿಂದಲೇ ಇದು ಸಾಧ್ಯವಾಯಿತು. ಹಾಡು ಬೇಕಾದಷ್ಟಿದ್ದರೆ ಈ ಆಲ್ಬಮ್ ಹೀಗಿರುತ್ತಲೇ ಇರಲಿಲ್ಲ.

ನನಗೆ ಬೇಸರವಿರುವುದು ಆಮೇಲಿನದರ ಬಗ್ಗೆ. ಹೆದರಿಬಿಟ್ಟರು. 1984ರ 'ಜಂಕ್ ಕಲ್ಚರ್' ಆಲ್ಬಮ್ಮಿಗೆ ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪಕ್ಕೆ ಹೋದರು, 'ಲೊಕೊಮೋಷನ್' ಅನ್ನೋ ಉಲ್ಲಾಸದ ಹಾಡು ಮತ್ತೆ ಐದನೇ ಸ್ಥಾನಕ್ಕೆ ಏರಿತು. 1986ರಲ್ಲಿ ಒಂದು ಹಾಲಿವುಡ್ ಸಿನಿಮಾಕ್ಕೆ ಬರೆದ 'ಇಫ್ ಯೂ ಲೀವ್' ಅಮೆರಿಕದಲ್ಲಿ ನಾಲ್ಕನೇ ಸ್ಥಾನ. ಒಳ್ಳೇ ಹಾಡುಗಳೇ, ಇಲ್ಲ ಅನ್ನೋಲ್ಲ. ಆದರೆ ಪ್ರಾಗಿನ ತುತ್ತೂರಿಯಿಂದ ಆಲ್ಬಮ್ ಶುರು ಮಾಡುವ ಹುಡುಗರು ಅಲ್ಲಿಲ್ಲ. 1989ರ ಹೊತ್ತಿಗೆ ಹಂಫ್ರೀಸ್ ಮತ್ತಿಬ್ಬರು ಬಿಟ್ಟು ಹೋದರು, 1996ಕ್ಕೆ ಮೆಕ್‌ಕ್ಲಸ್ಕಿಯೂ ಅಂಗಡಿ ಮುಚ್ಚಿದ. ಆಮೇಲೆ ಅವನು ಮಾಡಿದ್ದೇನು ಗೊತ್ತೇ? 'ಅಟಾಮಿಕ್ ಕಿಟನ್' ಅನ್ನೋ ಹುಡುಗಿಯರ ಪಾಪ್ ತಂಡ ಕಟ್ಟಿ, 2001ರಲ್ಲಿ ಅವರ 'ಹೋಲ್ ಅಗೇನ್' ಹಾಡನ್ನು ಮೊದಲ ಸ್ಥಾನಕ್ಕೆ ಏರಿಸಿದ. ಸಕ್ಕರೆಯ ಪಾಠವನ್ನು ಅಷ್ಟು ಚೆನ್ನಾಗಿ ಕಲಿತಿದ್ದ!

ಹಳೇ ನಾಲ್ವರು 2006ರಲ್ಲಿ ಮತ್ತೆ ಸೇರಿದರು. ಅಷ್ಟರಲ್ಲಿ ಡ್ಯಾಝಲ್ ಶಿಪ್ಸ್ ಬಗ್ಗೆ ಮಾತಾಡುವ ರೀತಿಯೇ ಬದಲಾಗಿತ್ತು. ಹಿಂದೆ ಬೈದಿದ್ದ ಕಡೆಯಲ್ಲೇ ಹೊಗಳಿಕೆ, ರೇಡಿಯೋಹೆಡ್ ತೊಂಬತ್ತರ ದಶಕದಲ್ಲಿ ಮಾಡಿದ್ದಕ್ಕೆ ಇದನ್ನು ಹೋಲಿಸುವವರು. 2008ರಲ್ಲಿ ಮರುಮುದ್ರಣ, 2023ರಲ್ಲಿ ನಲವತ್ತು ವರ್ಷ ತುಂಬಿದ್ದಕ್ಕೆ ಇನ್ನೊಂದು. 2013ರ 'ಇಂಗ್ಲಿಷ್ ಎಲೆಕ್ಟ್ರಿಕ್' ಆಲ್ಬಮ್ಮಿನಲ್ಲಿ ಅವರೇ ಮತ್ತೆ ಯಂತ್ರದ ದನಿಗಳ ತುಣುಕುಗಳನ್ನು ಸೇರಿಸಿದರು. 2016ರ ಮೇ 9ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ 'ಆರ್ಕಿಟೆಕ್ಚರ್ ಅಂಡ್ ಮೊರ್ಯಾಲಿಟಿ' ಮತ್ತು 'ಡ್ಯಾಝಲ್ ಶಿಪ್ಸ್', ಗೆದ್ದದ್ದು ಸೋತದ್ದು ಎರಡನ್ನೂ ಒಂದೇ ಸಂಜೆ ನುಡಿಸಿದರು. ಅಷ್ಟರಲ್ಲಿ ರೇಡಿಯೋ ಪ್ರಾಗ್ ಶಾರ್ಟ್‌ವೇವಿನಲ್ಲಿ ನಿಂತು ಐದು ವರ್ಷವಾಗಿತ್ತು. ಅವರ ಪ್ರಸಾರ ಈಗ ಇಂಟರ್‌ನೆಟ್ಟಿನಲ್ಲಿ, ಆ ಹಳೇ ತುತ್ತೂರಿ ಕಮ್ಯುನಿಸ್ಟ್ ಸರ್ಕಾರದ ಜೊತೆಗೇ ಹೋಗಿತ್ತು.

ಕೇಳೋ ಮನಸ್ಸಿದ್ದರೆ ಒಂದು ಸಲಹೆ. ಹಾಡುಗಳನ್ನು ಹಿಂದುಮುಂದು ಮಾಡಿ ಹಾಕುವ ಶಫಲ್ ಆಫ್ ಮಾಡಿ. ಮೊದಲಿಂದಲೇ ಶುರು ಮಾಡಲು ಕಷ್ಟವಾದರೆ ಏಳನೇ ಟ್ರ್ಯಾಕಿನ ಸೋನಾರಿನಿಂದ ಹಿಡಿದು ಎಂಟನೆಯದಕ್ಕೆ ನೇರ ಹೋಗಿ, ಮಧ್ಯೆ ನಿಲ್ಲಿಸಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಮೊದಲ ಟ್ರ್ಯಾಕ್ ಅವರಿಗೂ ಹಾಕಿ, ಹೆಸರು ಹೇಳದೆ. ಗುರುತು ಹಿಡಿದರಾ ಇಲ್ಲವಾ, ನನಗೂ ತಿಳಿಸಿ.